ಠಾಣೆಯ ತಾಮ್ರಪಟ, ನಮ್ಮ ಮನೆಯ ಸ್ಟೀಲ್ ಪಾತ್ರೆ

ಡೊಂಬಿವಲಿಗೆ ಬಂದು ಮೂವತ್ತೈದು ವರ್ಷ ದಾಟಿತು. ಮರಾಠಿ ಚೆನ್ನಾಗಿಯೇ ಬರುತ್ತದೆ. ಹಿಂದಿ, ಮುಂಬೈಯವರು ಮಾತಾಡುವಷ್ಟು ಕೆಟ್ಟದಾಗಿ ಬರುತ್ತದೆ. ಆದರೆ ದುಡ್ಡು ಎಣಿಸುವುದು ಮಾತ್ರ ಇವತ್ತಿಗೂ ಕನ್ನಡದಲ್ಲೇ. ಸ್ಟೇಷನ್ ಹೊರಗೆ ತರಕಾರಿಯವಳ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಾ "ಒಂದು, ಎರಡು" ಎನ್ನುತ್ತಿದ್ದರೆ ಅವಳು ನಗುತ್ತಾಳೆ. ಅಷ್ಟೇ ಅಲ್ಲ. ಭಾನುವಾರ ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಆಗಲೇಬೇಕು. ತಲೆಗೆ ತೆಂಗಿನೆಣ್ಣೆ ಹಾಕದೆ ಮನೆ ಬಿಟ್ಟರೆ ಏನೋ ಮರೆತಂತೆ. ಅಮ್ಮ ಊರಿಂದ ಕಳಿಸಿದ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಕನ್ನಡದಲ್ಲಿ ಹೆಸರು ಕೊರೆಸಿದೆ. ನಮ್ಮ ಚಾಳಿನಲ್ಲಿ ಹಬ್ಬಕ್ಕೆ ಪಾತ್ರೆಗಳು ಮನೆಯಿಂದ ಮನೆಗೆ ಹೋಗುತ್ತಿದ್ದ ಕಾಲದಲ್ಲಿ, ಯಾರಿಗೂ ಓದಲು ಬಾರದ ಅಕ್ಷರ ಇದ್ದ ಡಬ್ಬಿ ತಾನಾಗಿ ನಮ್ಮ ಬಾಗಿಲಿಗೆ ವಾಪಸ್ ಬರುತ್ತಿತ್ತು!

ಇದನ್ನೆಲ್ಲ ಬಹಳ ವರ್ಷ ಸ್ವಲ್ಪ ಮರೆಮಾಚಿಕೊಂಡೇ ಬದುಕಿದ್ದೇನೆ. ನಿಮ್ಮಲ್ಲಿ ಹಲವರಿಗೂ ಇದು ಗೊತ್ತಿರುತ್ತದೆ. ಇಲ್ಲಿ ನಾವು 'ಮದ್ರಾಸಿ', ಊರಿಗೆ ಹೋದರೆ 'ಬೊಂಬಾಯಿಯವರು'. ಊರಲ್ಲಿ ಬಾಯಿ ತಪ್ಪಿ ನೀರುಳ್ಳಿಗೆ ಕಾಂದಾ ಅಂದುಬಿಟ್ಟರೆ ದೊಡ್ಡಮ್ಮನ ಮಕ್ಕಳು ವರ್ಷವಿಡೀ ಆಡಿಕೊಳ್ಳುತ್ತಾರೆ. ಎರಡೂ ಕಡೆ ಸರಿಯಾಗಿ ಕೂರದ ಅಭ್ಯಾಸಗಳು ಅಂತ ಅನ್ನಿಸುತ್ತಿತ್ತು.

ಅದು ಹೋದದ್ದು ಬೇರೆ ಯಾರ ಉಪದೇಶದಿಂದಲೂ ಅಲ್ಲ, ಠಾಣೆಯ ಹಳೆಯ ರಾಜರಿಂದ. ಅವರೇ ಶಿಲಾಹಾರರು.

ಠಾಣೆ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋದ ಆ ಮೊದಲ ಗಾಡಿ, ಮರುವರ್ಷ ಕಲ್ಯಾಣದವರೆಗೂ ಬಂತು. ಆದರೆ ಅದಕ್ಕೂ ಸಾವಿರ ವರ್ಷದ ಹಿಂದೆ ಈ ಠಾಣೆ 'ಸ್ಥಾನಕ' ಎಂಬ ಹೆಸರಿನ ರಾಜಧಾನಿ. ಕ್ರಿ.ಶ. 800ರ ಸುಮಾರಿಗೆ ರಾಷ್ಟ್ರಕೂಟರ ಸಾಮಂತರಾಗಿ ಶಿಲಾಹಾರರು ಉತ್ತರ ಕೊಂಕಣಕ್ಕೆ ಬಂದರು. ಅಲ್ಲಿಂದ ನಾನೂರೈವತ್ತಕ್ಕೂ ಹೆಚ್ಚು ವರ್ಷ ಆಳಿದರು. ಠಾಣೆಯಿಂದ ಬೊರಿವಲಿಯವರೆಗೆ ಹಬ್ಬಿದ ಕಾಡಿನೊಳಗೆ ಕಾನ್ಹೇರಿ ಗುಹೆಗಳಿವೆಯಲ್ಲ, ಅಲ್ಲಿ 9ನೆಯ ಶತಮಾನದ ಶಾಸನಗಳಲ್ಲಿ ಮೊದಲು ದೊರೆ ಅಮೋಘವರ್ಷನ ಹೆಸರು, ಆಮೇಲೆ ಅವನ ಸಾಮಂತರಾದ ಪುಲ್ಲಶಕ್ತಿ, ಕಪರ್ದಿ ಇವರ ಹೆಸರು. ಅಮೋಘವರ್ಷ ಅಂದರೆ ನಮ್ಮ ನೃಪತುಂಗನೇ, 'ಕವಿರಾಜಮಾರ್ಗ'ದ ನೃಪತುಂಗ. ನಾನು ಎರಡು ಸಲ ಪಿಕ್‌ನಿಕ್‌ಗೆ ಹೋಗಿ ಅಲ್ಲಿ ಚಪಾತಿ ತಿಂದು ಬಂದಿದ್ದೆ, ಇದು ಗೊತ್ತೇ ಇರಲಿಲ್ಲ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ರಾಜರು ತಾಮ್ರಪಟಗಳನ್ನು ಬರೆಸಿದ್ದು ಸಂಸ್ಕೃತದಲ್ಲಿ. ಆದರೆ ಆ ಸಂಸ್ಕೃತದ ಮಧ್ಯೆ ಬಿರುದುಗಳು ಬಂದಾಗ ನೋಡಿ, ಗಂಡರಗಂಡ, ಮಲಗಲಗಂಡ, ನನ್ನಿಸಮುದ್ರ! 'ನನ್ನಿ' ಅಂದರೆ ಹಳಗನ್ನಡದಲ್ಲಿ ಸತ್ಯ. 'ಸತ್ಯಸಮುದ್ರ' ಅಂತ ಬರೆಸಿದ್ದರೆ ಸಂಸ್ಕೃತದ ಸಾಲಿಗೆ ಎಷ್ಟು ಚೆಂದ ಹೊಂದುತ್ತಿತ್ತು. ಆಸ್ಥಾನದ ಪಂಡಿತರಿಗೆ ಅದು ತಿಳಿಯದ್ದೇನಲ್ಲ. ಆದರೂ ತಲೆಮಾರುಗಳ ಕಾಲ ಅದನ್ನು ಯಾರೂ ತಿದ್ದಲಿಲ್ಲ. ಇನ್ನೊಂದು ಬಿರುದು 'ತಗರಪುರಪರಮೇಶ್ವರ'. ತಗರ ಅಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್. ಠಾಣೆಯಲ್ಲಿ ಕೂತು ಇನ್ನೂರು ವರ್ಷ ಕಳೆದರೂ "ನಾವು ತಗರದವರು" ಎನ್ನುವುದು ಬಿಡಲಿಲ್ಲ. "ನಿಮ್ಮ ಊರು ಯಾವುದು?" ಅಂತ ಯಾರಾದರೂ ಕೇಳಿದರೆ ಡೊಂಬಿವಲಿ ಅನ್ನದೆ, ಮನೆ ಮಾರಿ ಎಷ್ಟೋ ವರ್ಷವಾದ ಊರಿನ ಹೆಸರು ಹೇಳುವ ನಮ್ಮಂಥವರಿಗೆ ಇದು ಅರ್ಥವಾಗದೆ ಇರುತ್ತದೆಯೇ?

ಇದಕ್ಕಿಂತ ಮನಸ್ಸಿಗೆ ತಟ್ಟಿದ್ದು ಭಾದಾನ ತಾಮ್ರಪಟ. ಭಾದಾನ ಇರುವುದು ಭಿವಂಡಿ ಕಡೆ. 973ರಲ್ಲಿ ಚಾಲುಕ್ಯ ತೈಲಪ ಕೊನೆಯ ರಾಷ್ಟ್ರಕೂಟ ದೊರೆ ಕರ್ಕನನ್ನು ಸೋಲಿಸಿ ಆ ವಂಶದ ಆಳ್ವಿಕೆಯನ್ನೇ ಮುಗಿಸಿದ. ಶಿಲಾಹಾರರ ಅಪರಾಜಿತ ಈ ತಾಮ್ರಪಟ ಕೊಡಿಸಿದ್ದು ಶಕ 919ರಲ್ಲಿ, ಅಂದರೆ 997ರಲ್ಲಿ. ಇಪ್ಪತ್ತನಾಲ್ಕು ವರ್ಷ ಆಗಿಹೋಗಿತ್ತು. ಅವನ ಮೇಲೆ ಈಗ ಯಾವ ರಾಷ್ಟ್ರಕೂಟನೂ ಇಲ್ಲ, ಕಪ್ಪ ಕೊಡಬೇಕಿಲ್ಲ, ಹೊಗಳಿದರೆ ಸಿಗುವುದೇನೂ ಇಲ್ಲ. ಹೊಸ ದೊರೆಗೆ ಸಿಟ್ಟು ಬಂದರೂ ಬರಬಹುದು. ಆದರೂ ಅಪರಾಜಿತ ರಾಷ್ಟ್ರಕೂಟರ ಇಡೀ ವಂಶಾವಳಿಯನ್ನು ಮೊದಲಿಂದ ಕೊನೆಯವರೆಗೆ ಬರೆಸಿ, ಆ ರಾಜ್ಯ ಈಗ ನೆನಪಷ್ಟೇ ಆಯಿತಲ್ಲ ಎಂದು ಮರುಗುತ್ತಾನೆ. ರಾಜಕೀಯ ಲಾಭಕ್ಕೆ ಮಾಡಿದ್ದು ಅಂತ ನನಗೆ ತೋರುವುದಿಲ್ಲ. ಅಜ್ಜನ ಕಾಲದಿಂದ ಪಟದ ಶುರುವಿನಲ್ಲಿ ಅವರ ಹೆಸರು ಬರೆಯುವುದು ಅಭ್ಯಾಸ, ಕೈ ಹಾಗೇ ಹೋಯಿತು. ಜೊತೆಗೆ ಸ್ವಲ್ಪ ಪ್ರೀತಿಯೂ ಇತ್ತು.

ದಿನಾ ಸ್ಲೋ ಲೋಕಲ್‌ನಲ್ಲಿ ಭಾಂಡುಪ್ ದಾಟುವವರಿಗೆ ಇದನ್ನೂ ಹೇಳಬೇಕು. ಭಾಂಡುಪಿನಲ್ಲಿ ಸಿಕ್ಕಿದ ಛಿತ್ತರಾಜನ ತಾಮ್ರಪಟ ಶಕ 948ರದ್ದು, ಅಂದರೆ 1026. ಅದರಲ್ಲಿ ಅವನ ಅಧಿಕಾರಿಗಳ ಪಟ್ಟಿ ಇದೆ. ಮುಖ್ಯ ಮಂತ್ರಿ ನಾಗಣೈಯ. ಹೆಸರಿನ ಕೊನೆಯ ಆ 'ಅಯ್ಯ'ನನ್ನು ಗಮನಿಸಿದಿರಾ? ಅಷ್ಟೇ ಅಲ್ಲದೆ, ಯುದ್ಧ-ಸಂಧಿ ನೋಡಿಕೊಳ್ಳುವ ಒಬ್ಬ ಸಂಧಿವಿಗ್ರಹಿಕ ಇದ್ದರೂ ಕರ್ಣಾಟದ ವ್ಯವಹಾರಕ್ಕೇ ಪ್ರತ್ಯೇಕವಾಗಿ ಇನ್ನೊಬ್ಬ 'ಕರ್ಣಾಟ ಸಂಧಿವಿಗ್ರಹಿಕ'. ನಮ್ಮ ಮನೆಯಲ್ಲಿ ಆ ಹುದ್ದೆ ನನ್ನ ಹೆಂಡತಿಯದ್ದು. ಊರಿನ ಮದುವೆ, ಮುಂಜಿ, ಗದ್ದೆಯ ತಕರಾರು, ಯಾರು ಯಾರೊಟ್ಟಿಗೆ ಮಾತು ಬಿಟ್ಟಿದ್ದಾರೆ, ಎಲ್ಲ ಅವಳ ಖಾತೆ.

ಈ ಶಿಲಾಹಾರರು ಕನ್ನಡದವರೋ ಮರಾಠಿಯವರೋ ಎಂದು ಹಿಡಿದು ಕೂರುವವರಿದ್ದಾರೆ. ಇತಿಹಾಸಕಾರ ಅ.ಸ. ಅಳತೇಕರರು ಈ ಬಿರುದುಗಳನ್ನೇ ನೋಡಿ ಅವರ ಮೂಲ ಕನ್ನಡ ಎಂದವರು. ಅದನ್ನೇ ಹಿಡಿದುಕೊಂಡು ಲೋಕಲ್ ಗಾಡಿಯಲ್ಲಿ ಜಗಳಕ್ಕೆ ಹೋಗುವ ಉಮೇದು ನನಗಿಲ್ಲ. ಯಾಕೆಂದರೆ ಅದೇ ಮನೆಯವರು ಮರಾಠಿಗೂ ಜಾಗ ಕೊಟ್ಟವರು. ಅಲಿಬಾಗಿನ ಹತ್ತಿರದ ಅಕ್ಷಿಯ ಮರಾಠಿ ಶಾಸನ ಅವರ ಕಾಲದ್ದೇ. ಅದನ್ನು ಶಕ 934 ಎಂದು ಓದಿದವರು ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆನ್ನುತ್ತಾರೆ, ಇನ್ನೂರು ವರ್ಷ ಈಚೆಗೆ ತರುವವರೂ ಇದ್ದಾರೆ. ಆಚೆ ನಮ್ಮ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಕಾಲ ಬಳಿ ಮರಾಠಿ ಸಾಲಿದೆ, ಅದನ್ನು ಯಾರೂ ಕೆತ್ತಿ ತೆಗೆದಿಲ್ಲ. ದಾನಕ್ಕೆ ಸಂಸ್ಕೃತ, ಊರ ಜನರಿಗೆ ಮರಾಠಿ, ತಮ್ಮ ಹೆಸರಿನ ಹಿಂದೆ ಮುಂದೆ ಕನ್ನಡ. ನಮ್ಮ ಮನೆಯಲ್ಲೂ ಆಫೀಸಿಗೆ ಇಂಗ್ಲಿಷ್, ವಾಚ್‌ಮನ್ ಹತ್ತಿರ ಹಿಂದಿ, ಪಕ್ಕದ ಮನೆಗೆ ಮರಾಠಿ, ದುಡ್ಡಿಗೆ ಕನ್ನಡ. ಕಲ್ಯಾಣದಾಚೆ ಮೂರನೆಯ ಸ್ಟೇಷನ್ ಅಂಬರನಾಥದಲ್ಲಿ 1060ರ ಶಾಸನವಿರುವ ಅವರ ಶಿವಾಲಯ ಈಗಲೂ ನಿಂತಿದೆ. ಹೋಗದವರು ಒಮ್ಮೆ ಹೋಗಿ ಬನ್ನಿ, ಆದರೆ ಶಿವರಾತ್ರಿಯ ದಿನ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ಕುಚ್ಚಲಕ್ಕಿಯ ವಿಷಯ ಅರ್ಧಕ್ಕೇ ಬಿಟ್ಟೆ. ದಪ್ಪ ಕೆಂಪು ಅನ್ನ ನೋಡಿದರೆ ನಕ್ಕಾರು ಎಂದು ಮೊದಲ ವರ್ಷಗಳಲ್ಲಿ ನೆಂಟರಿಲ್ಲದ ದಿನ ಮಾತ್ರ ಮಾಡುತ್ತಿದ್ದೆವು. ಒಂದು ಭಾನುವಾರ ಪಕ್ಕದ ಮನೆಯ ಕಾಕು ಉಪ್ಪು ಕೇಳಲು ಬಂದವರು ಒಲೆಯ ಮೇಲಿನ ಪಾತ್ರೆಗೆ ಬಗ್ಗಿ ನೋಡಿ, "ಅರೆ, ಉಕಡಾ ತಾಂದುಳ್! ಪೇಜ್ ಮಾಡ್ತಿದ್ದೀರಾ?" ಎಂದರು. ಅವರು ಸಿಂಧುದುರ್ಗದ ಕಡೆಯವರು. ಅವರ ಮನೆಯಲ್ಲೂ ಅದೇ ಅಕ್ಕಿ, ಅದೇ ಗಂಜಿ, ಅವರೂ ಅದನ್ನು ಯಾರಿಗೂ ಕಾಣದಂತೆ ಉಣ್ಣುತ್ತಿದ್ದವರು! ಆವತ್ತು ಉಪ್ಪಿನ ಜೊತೆ ಒಂದು ಡಬ್ಬಿ ಗಂಜಿಯನ್ನೂ ಕಳಿಸಿದೆವು.

ಈಗ ಮಗ ಖಾರಘರ್‌ನಲ್ಲಿದ್ದಾನೆ. ಸೊಸೆ ಪುಣೆಯ ಹುಡುಗಿ. ಮನೆಯ ಮಾತು ಮರಾಠಿ, ಲೆಕ್ಕ ಇಂಗ್ಲಿಷಿನಲ್ಲಿ. ಮೊಮ್ಮಗಳು ಗಂಜಿಗೆ ಮಾತ್ರ ಗಂಜಿ ಎಂದೇ ಅನ್ನುತ್ತಾಳೆ. "ಆಜೋಬಾ, ಗಂಜಿ ದ್ಯಾ" ಅಂತ ತಟ್ಟೆ ಮುಂದೆ ಮಾಡುತ್ತಾಳೆ. ಸಂಸ್ಕೃತದ ಸಾಲಿನ ನಡುವೆ 'ನನ್ನಿ' ಕೂತ ಹಾಗೇ. ಹೋದ ತಿಂಗಳು ಸೊಸೆ ಅಮ್ಮನ ಕಾಲದ ಒಂದು ಪಾತ್ರೆ ತನಗಿರಲಿ ಎಂದು ಕೇಳಿ ತೆಗೆದುಕೊಂಡಳು. ಅದರ ಮೇಲಿನ ಅಕ್ಷರ ಏನೆಂದು ಕೇಳಿ, ಒಂದು ಚೀಟಿಯಲ್ಲಿ ದೇವನಾಗರಿಯಲ್ಲಿ ಬರೆದುಕೊಂಡು, ಪಾತ್ರೆಯೊಳಗೇ ಹಾಕಿಕೊಂಡು ಹೋದಳು.