ಕಾಯ್ದೆ ಕಾಡನ್ನು ಕಾದಿದೆಯೆ?

ವನ್ಯಜೀವಿ ಕಾನೂನಿನ ಬಗ್ಗೆ ನಾವು ಎರಡು ಮಾತು ಕೇಳುತ್ತೇವೆ. ಕಾಯ್ದೆಯಿಂದಲೇ ಹುಲಿ ಉಳಿದಿದೆ ಎಂಬುದು ಒಂದು, ಅದು ಬರೀ ಕಾಗದದ ಮೇಲಿದೆ ಎಂಬುದು ಇನ್ನೊಂದು. ಚಾಮರಾಜನಗರ ಸೀಮೆಯ ಚರಿತ್ರೆ ನೋಡಿದರೆ ಎರಡೂ ಪೂರ್ತಿ ನಿಜವಲ್ಲ.

ಗುಂಡ್ಲುಪೇಟೆಯಾಚೆಯ ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಅದರ 90 ಚದರ ಕಿಲೋಮೀಟರ್ ಪ್ರಾಣಿಗಳಿಗೆ ಮೀಸಲಾಯಿತು. 1941ರಲ್ಲಿ ಅದು ಬೆಳೆದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ದೇಶಕ್ಕೆಲ್ಲ ಅನ್ವಯಿಸುವ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮರುವರ್ಷ ಹುಲಿ ಯೋಜನೆಗೆ ಆಯ್ದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಇಲ್ಲಿದ್ದ ಹುಲಿಗಳ ಲೆಕ್ಕ 12. 2022ರ ಗಣತಿಯಲ್ಲಿ 150. ಹೆಜ್ಜೆಗುರುತಿನಿಂದ ಎಣಿಸಿದ ಅಂದಿನ ಲೆಕ್ಕವನ್ನು ಕ್ಯಾಮೆರಾ ಚಿತ್ರಗಳ ಇಂದಿನ ಅಂದಾಜಿಗೆ ನೇರವಾಗಿ ಹೋಲಿಸಲಾಗದು. ಆದರೂ ಹುಲಿ ಹೆಚ್ಚಿರುವುದರಲ್ಲಿ ಅನುಮಾನವಿಲ್ಲ.

ಇದು ಕಾಯ್ದೆಯೊಂದರ ಫಲವೆ? ಅದೇ ಕಾಯ್ದೆ, ಅದೇ ಯೋಜನೆ ಇದ್ದ ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದು ಹುಲಿಯೂ ಉಳಿದಿರಲಿಲ್ಲ. ಕಾವಲಿಲ್ಲದ ಕಾಯ್ದೆ ಕಳ್ಳಬೇಟೆಯನ್ನು ತಡೆಯದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅದು ನಡೆದದ್ದು ಗೇಟು ಹಾಕಿ ನಿಂತವರಿದ್ದುದರಿಂದ, ನ್ಯಾಯಾಲಯ ಬೆನ್ನಿಗಿದ್ದುದರಿಂದ.

ಗೇಟು ಹಾಕಲಾಗದ ಜಾಗವೊಂದಿದೆ: ಕಾಡಂಚಿನ ಊರು. 2025ರ ಜೂನ್‌ನಲ್ಲಿ ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ದನ ಕಳೆದುಕೊಂಡ ಸಿಟ್ಟು ಅದರ ಹಿಂದಿತ್ತೆಂದು ತನಿಖೆ ಹೇಳಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು ಹುಲಿ ಹಿಡಿಯಲಿಲ್ಲವೆಂದು ಅರಣ್ಯ ಸಿಬ್ಬಂದಿಯನ್ನೇ ಬೋನಿಗೆ ಕೂಡಿದರು. ಎರಡೂ ತಪ್ಪು. ಆದರೆ ಬರೀ ಶಿಕ್ಷೆಯಿಂದ ಈ ಸಿಟ್ಟು ಆರದು.

ಬೇರೆ ದಾರಿಯೂ ಈ ಜಿಲ್ಲೆಯಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ ಕಾಡಿನ ಬೇಸಾಯ ನಿಂತಿತು. ಮುಂದೆ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹೋರಾಡಿ 2011ರಲ್ಲಿ ಅವರು ಸಮುದಾಯ ಹಕ್ಕು ಪಡೆದರು. ಅದೇ ವರ್ಷ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಜನರ ಹಕ್ಕನ್ನು ಒಪ್ಪಿದ್ದರಿಂದ ಹುಲಿಯೇನೂ ಅಲ್ಲಿಂದ ಮರೆಯಾಗಲಿಲ್ಲ.

ಹೊರಗಿನ ಬೇಟೆಗಾರನನ್ನು ಕಾಯ್ದೆ ಹೆದರಿಸಬಲ್ಲದು. ನೆರೆಯ ರೈತನನ್ನು ಅದು ಒಲಿಸಿಕೊಳ್ಳಬೇಕು. ಹುಲಿ ಎಷ್ಟಿವೆ ಎಂದು ಕೇಳುವ ನಾವು, ಹಸು ಕಳೆದುಕೊಂಡವನ ಕೈಗೆ ಪರಿಹಾರ ಎಷ್ಟು ದಿನಕ್ಕೆ ಬಂತು ಎಂದೂ ಕೇಳಬೇಕು. ಕಾಯ್ದೆ ಗೆದ್ದಿತೋ ಸೋತಿತೋ ಎಂಬುದಕ್ಕೆ ಎರಡು ಲೆಕ್ಕವೂ ಬೇಕು.