ವಜಾ ಆದ ಅರ್ಜಿಯ ಲೆಕ್ಕ: ಅಪಘಾತ ಪರಿಹಾರ ಮೊಕದ್ದಮೆಗಳಲ್ಲಿ ಸೋತವರ ಸಾಲ

ಮೋಟಾರು ಅಪಘಾತ ಪರಿಹಾರ ಕುರಿತ ನಮ್ಮ ಕಾನೂನು ಚರ್ಚೆ ಬಹುಪಾಲು ಗೆದ್ದವರ ಸುತ್ತಲೇ ನಡೆದಿದೆ. ಗುಣಕ ಎಷ್ಟಿರಬೇಕು, ಮುಂದಿನ ಆದಾಯಕ್ಕೆ ಎಷ್ಟು ಕೂಡಿಸಬೇಕು, ಬಡ್ಡಿ ಶೇಕಡಾ ಎಷ್ಟು ಎಂಬ ಪ್ರಶ್ನೆಗಳಿಗೆ ಪುಟಗಟ್ಟಲೆ ಉತ್ತರಗಳಿವೆ. ಪರಿಹಾರದ (ಎಂ.ವಿ.ಸಿ.) ಅರ್ಜಿ ವಜಾ ಆದವರು ಮಾತ್ರ ತೀರ್ಪಿನ ಕೊನೆಯ ಸಾಲಿನೊಂದಿಗೆ ಚರ್ಚೆಯಿಂದಲೇ ಮರೆಯಾಗುತ್ತಾರೆ. ಉಭಯ ಪಕ್ಷದವರು ತಂತಮ್ಮ ಖರ್ಚನ್ನು ತಾವೇ ಭರಿಸಲಿ ಎಂಬ ಅರ್ಥದ ಆ ಸಾಲು ಸೋತವರಿಗೆ ತೋರಿದ ದಯೆಯಂತೆಯೇ ಕಾಣುತ್ತದೆ. ಆದರೆ ಖರ್ಚಿನ ಕಾನೂನು ಲೆಕ್ಕ ಹಾಕುವುದು ಎದುರಾಳಿಗೆ ಕೊಡಬೇಕಾದ ಹಣವನ್ನು. ಇಲ್ಲಿ ಸೋತವರನ್ನು ಮುಳುಗಿಸುವುದು ತಮ್ಮ ಕಡೆಯಿಂದಲೇ ಆಗಿಹೋದ ವೆಚ್ಚ. ಈ ಅಂತರದ ಪರಿಣಾಮಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಖರ್ಚು ಸಾಮಾನ್ಯವಾಗಿ ಸೋತವರ ಮೇಲೆ ಬೀಳಬೇಕು. ಕಿರುಕುಳದ ದಾವೆಗೆ ದಂಡರೂಪದ ಖರ್ಚು ವಿಧಿಸುವ 35ಎ ಕಲಂನ ಮಿತಿ 3,000 ರೂಪಾಯಿ. ಈ ಮಿತಿ ಏನೇನೂ ಸಾಲದೆಂದು ಸುಪ್ರೀಂ ಕೋರ್ಟ್ 2011ರ ತೀರ್ಪೊಂದರಲ್ಲಿ ಹೇಳಿತು. ಅದನ್ನು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಅಪಘಾತ ಪರಿಹಾರದ ಗುಣಕಗಳ ಪಟ್ಟಿಯನ್ನು 2009ರಲ್ಲಿ ಸ್ಥಿರಗೊಳಿಸಿದವರೂ ಅವರೇ. ಗೆದ್ದವರಿಗೆ ನಿಜವಾದ ಖರ್ಚು ಸಿಗಲಿ, ಸುಳ್ಳು ದಾವೆಗಳು ನಿಲ್ಲಲಿ ಎಂಬ ಅವರ ಕಾಳಜಿ ಸರಿಯೇ. ಆದರೆ ಪ್ರಾಮಾಣಿಕವಾಗಿ ಸೋತ ಗಾಯಾಳು ಆ ಚೌಕಟ್ಟಿನೊಳಗೆ ಎಲ್ಲಿ ನಿಲ್ಲುತ್ತಾನೆ? ಇಂಗ್ಲೆಂಡ್ ಮತ್ತು ವೇಲ್ಸ್ ಈ ಪ್ರಶ್ನೆಗೆ 2013ರ ಏಪ್ರಿಲ್‌ನಿಂದ ನಿಯಮದ ಮೂಲಕವೇ ಉತ್ತರ ಕೊಟ್ಟಿವೆ: ಮೂಲಭೂತ ಅಪ್ರಾಮಾಣಿಕತೆಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಸೋತ ಗಾಯಾಳುವಿನಿಂದ ಎದುರು ಪಕ್ಷದ ಖರ್ಚನ್ನು ವಸೂಲು ಮಾಡುವಂತಿಲ್ಲ. ನಮ್ಮಲ್ಲಿ ಅಂಥ ರಕ್ಷಣೆ ಬರೆದಿಟ್ಟ ನಿಯಮದಲ್ಲಿಲ್ಲ, ನ್ಯಾಯಾಧೀಶರ ರೂಢಿಯಲ್ಲಿದೆ.

ಹಾಗಾದರೆ ಸಾಲ ಹುಟ್ಟುವುದೆಲ್ಲಿ? ಅಂಗವೈಕಲ್ಯದ ಪ್ರಮಾಣ ಹೇಳಲು ವೈದ್ಯರನ್ನು ಸಾಕ್ಷಿಕಟ್ಟೆಗೆ ಕರೆತರಬೇಕು. ಆಸ್ಪತ್ರೆಯ ದಾಖಲೆ, ಪೊಲೀಸ್ ದಾಖಲೆಗಳ ದೃಢೀಕೃತ ನಕಲು ಬೇಕು. ಮುದ್ದತ್ತು ಬಿದ್ದ ದಿನವೆಲ್ಲ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬರುತ್ತದೆ. ಚಿಕಿತ್ಸೆಗೆಂದು ತಂದ ಕೈಸಾಲವನ್ನು ‘ಕೇಸಿನ ದುಡ್ಡು ಬಂದಾಗ’ ತೀರಿಸುವುದಾಗಿ ಮಾತು ಕೊಟ್ಟಿರುತ್ತಾರೆ. ಅರ್ಜಿ ಬಾಕಿಯಿರುವಷ್ಟು ಕಾಲ ಸಾಲ ಕೊಟ್ಟವನು ತಾಳಿಕೊಳ್ಳುತ್ತಾನೆ; ವಜಾ ಆದ ಸುದ್ದಿ ಊರು ಮುಟ್ಟಿದ ಮೇಲೆ ಆ ತಾಳ್ಮೆ ಉಳಿಯುವುದಿಲ್ಲ.

ವಕೀಲರ ಫೀಸಿನ ವಿಷಯ ಇನ್ನೂ ತೊಡಕಿನದು. ಫಲಿತಾಂಶವನ್ನು ಅವಲಂಬಿಸಿ ಫೀಸು ಗೊತ್ತುಮಾಡುವುದನ್ನೂ ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ತೆಲಂಗಾಣದ ಮಹಿಳೆಯೊಬ್ಬರಿಂದ ಪರಿಹಾರದ ಶೇಕಡಾ ಲೆಕ್ಕದಲ್ಲಿ ಫೀಸು ಕೇಳಿ, ಚೆಕ್ ಬರೆಸಿಕೊಂಡು, ಅದು ಬೌನ್ಸ್ ಆದಾಗ ವಕೀಲರು ಹೂಡಿದ್ದ ಪ್ರಕರಣವನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ತೀರ್ಪು ನ್ಯಾಯವಾದದ್ದೇ. ಆದರೂ ಗಮನಿಸಬೇಕು, ಈ ನಿಷೇಧದ ಫಲ ಸಿಗುವುದು ಗೆದ್ದವರಿಗೆ. ‘ಪರ್ಸೆಂಟೇಜ್’ ಮಾತಾಡಿ ಕೇಸು ಕೊಟ್ಟು ಸೋತವರು ಫೀಸಿನ ಮಟ್ಟಿಗಾದರೂ ಪಾರಾಗುತ್ತಾರೆ; ನಿಯಮದ ಪ್ರಕಾರ ಮುಂಗಡವಾಗಿ ಫೀಸು ಕೊಟ್ಟವರೇ ಸೋತಾಗ ಕೈಬರಿದು ಮಾಡಿಕೊಳ್ಳುತ್ತಾರೆ. ನಿಷೇಧವನ್ನು ಸಮರ್ಥಿಸುವವರು ಈ ವಿಪರ್ಯಾಸಕ್ಕೆ ಉತ್ತರ ಹೇಳಿದ್ದನ್ನು ನಾನು ಓದಿಲ್ಲ.

ಗೆದ್ದ ಮೇಲೂ ಸೋಲು ಬರಬಹುದೆಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಬೇರೆಯವರ ಬೈಕು ಪಡೆದು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೊರಟವನೊಬ್ಬ, ಕಬ್ಬಿಣದ ತಗಡು ಹೇರಿದ್ದ ಎತ್ತಿನಗಾಡಿಗೆ ಬಡಿದು ಸತ್ತ. ನ್ಯಾಯಮಂಡಳಿ ಪರಿಹಾರ ಕೊಟ್ಟಿತು. ವಿಮಾ ಕಂಪನಿಯ ಮೇಲ್ಮನವಿಯಲ್ಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಬೈಕು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುವುದರಿಂದ ಮೋಟಾರು ವಾಹನ ಕಾಯ್ದೆಯ ಅಂದಿನ 163ಎ ಕಲಂ ಅಡಿ ಹಕ್ಕಿಲ್ಲವೆಂದು 2009ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಆದರೆ ಅಲ್ಲಿಗೇ ಬಿಡದೆ, 166ನೇ ಕಲಂ ಅಡಿ ಪರಿಹಾರ ಸಿಗಬಹುದೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ತಪ್ಪು ಕಲಂ ಹಿಡಿದು ಸೋತದ್ದಕ್ಕೂ ಹಕ್ಕೇ ಇಲ್ಲದೆ ಸೋತದ್ದಕ್ಕೂ ಎಷ್ಟು ದೂರ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಆದ್ದರಿಂದ ವಜಾ ಆದವರು ಖರ್ಚಿನ ಚಿಂತೆಗೆ ಮೊದಲು ತಿಳಿಯಬೇಕಾದದ್ದು ವಜಾ ಆದದ್ದೇಕೆ ಎಂಬುದನ್ನು.

ಹೈಕೋರ್ಟಿಗೆ ಮೇಲ್ಮನವಿ (ಎಂ.ಎಫ್.ಎ.) ಹಾಕಲು ಮೋಟಾರು ವಾಹನ ಕಾಯ್ದೆಯ 173ನೇ ಕಲಂ 90 ದಿನ ಕೊಡುತ್ತದೆ. ಸಾಕಷ್ಟು ಕಾರಣವಿದ್ದರೆ ತಡವನ್ನು ಮನ್ನಿಸಬಹುದು. ಫೀಸು ಬಾಕಿಯಿದೆಯೆಂದು ವಕೀಲರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ. ಈ ಮಾತನ್ನು ಸುಪ್ರೀಂ ಕೋರ್ಟ್ 2000ದಲ್ಲೇ ಖಚಿತಪಡಿಸಿದೆ, ಹಳ್ಳಿಯ ಕಕ್ಷಿದಾರರಿಗೆ ಮಾತ್ರ ಇದು ತಲುಪಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಅಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಅಂದರೆ ಯಾವ ಗಾಯಕ್ಕೆ ಪರಿಹಾರ ಸಿಗಲಿಲ್ಲವೋ ಆ ಗಾಯವೇ ಕೆಲವರಿಗೆ ನೆರವಿನ ಅರ್ಹತೆ ತಂದುಕೊಡಬಹುದು. ಅಡ್ಡಿಯಿರುವುದು 13ನೇ ಕಲಂನಲ್ಲಿ: ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು, ಒಮ್ಮೆ ಸೋತು ಬಂದವರಿಗೆ ಅದು ಸುಲಭವಲ್ಲ.

ವಿದ್ಯುತ್ ಆಘಾತ, ಗೋಡೆ ಕುಸಿತದಂಥ ಗಾಯಗಳಿಗೆ ಸಿವಿಲ್ ದಾವೆ ಹೂಡಿದವರ ಪಾಡು ಬೇರೆ. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಕೇಳಿದ ಮೊತ್ತದ ಮೇಲೆಯೇ ಶುಲ್ಕ. ನಿರ್ಗತಿಕರೆಂದು ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ದಾವೆ ನಡೆಸಿದರೂ, ಸೋತರೆ 11ನೇ ನಿಯಮದಂತೆ ಆ ಶುಲ್ಕ ಕಟ್ಟಲು ಕೋರ್ಟ್ ಆದೇಶಿಸುತ್ತದೆ. ಅಂದು ಮನ್ನಾ ಎಂದುಕೊಂಡದ್ದು ಮುಂದೂಡಿಕೆಯಷ್ಟೇ ಆಗಿತ್ತು.

ಇಷ್ಟಾದರೂ ಡಿಕ್ರಿಯ ಮೂಲಕ ಬರುವ ಸಾಲಕ್ಕೆ ಗಡಿಗಳಿವೆ. ಕೂಲಿಕಾರರ ವೇತನ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು-ಎತ್ತುಗಳನ್ನು ಅದೇ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಕಾಯುತ್ತದೆ. ಕೊಡಲಾಗದ ಬಡತನವೊಂದೇ ಕಾರಣಕ್ಕೆ ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸಬಾರದೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲಿ ಬರೆದರು. ಆದರೆ ಕೈಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುವಾಗ ಈ ಕಲಂಗಳ ಲೆಕ್ಕ ಇಡುವುದಿಲ್ಲ. ವಿಪರೀತ ಬಡ್ಡಿಯ ವಿರುದ್ಧ ರಾಜ್ಯದಲ್ಲಿ 2004ರ ಕಾಯ್ದೆಯಿದೆ. ಕಿರುಸಾಲದ ವಸೂಲಿ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಸೋತ ಗಾಯಾಳುವಿಗೆ ಮೋಟಾರು ವಾಹನ ಕಾಯ್ದೆಗಿಂತ ಇವೇ ಹತ್ತಿರದ ಕಾನೂನು. ಈ ದಾರಿಗಳು ಸೋತವರಿಗೆ ತಿಳಿಯುವಂತೆ, ವಜಾ ಆದೇಶದ ಪ್ರತಿಯೊಂದಿಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ವಿಳಾಸವನ್ನೂ ಮೇಲ್ಮನವಿಯ ಕೊನೆಯ ದಿನಾಂಕವನ್ನೂ ಕನ್ನಡದಲ್ಲಿ ಬರೆದುಕೊಡಲು ನ್ಯಾಯಮಂಡಳಿಗಳಿಗೆ ಕಾಯ್ದೆಯ ತಿದ್ದುಪಡಿಯೇನೂ ಬೇಕಿಲ್ಲ. ಹೈಕೋರ್ಟಿನ ಒಂದು ಸುತ್ತೋಲೆ ಸಾಕು.