ಪಾಲೈ ಸೆಂಟ್ರಲ್ ಬ್ಯಾಂಕಿನ ಪತನ ಮತ್ತು ಠೇವಣಿದಾರರ ಭದ್ರತೆ

1960ರ ಆಗಸ್ಟ್ 8ರಂದು ಭಾರತೀಯ ರಿಸರ್ವ್ ಬ್ಯಾಂಕು ಪಾಲೈ ಸೆಂಟ್ರಲ್ ಬ್ಯಾಂಕಿನ ಸಮಾಪನೆಯನ್ನು ಕೋರಿ ಕೇರಳದ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು. 1927ರಲ್ಲಿ ತಿರುವಾಂಕೂರಿನ ರಬ್ಬರ್ ಸೀಮೆಯ ಪಾಲೈಯಲ್ಲಿ ಹುಟ್ಟಿದ ಈ ಬ್ಯಾಂಕು ಅಷ್ಟರಲ್ಲಿ ಕೇರಳದ ಅತಿ ದೊಡ್ಡ ಬ್ಯಾಂಕಾಗಿ ಬೆಳೆದಿತ್ತು. ಅದೇ ವರ್ಷ ಅಕೋಲಾದ ಲಕ್ಷ್ಮಿ ಬ್ಯಾಂಕು ಕುಸಿದಿದ್ದರಿಂದ ಅಳುಕಿದ್ದ ಜನ ಈ ಸುದ್ದಿ ಕೇಳಿ ಇತರ ಬ್ಯಾಂಕುಗಳಿಂದಲೂ ಹಣ ಹಿಂಪಡೆಯಲು ಧಾವಿಸಿದರು. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಳುಗಿದ ನೆನಪು ಆ ಪ್ರದೇಶದಲ್ಲಿ ಇನ್ನೂ ಮಾಸಿರಲಿಲ್ಲ.

ಪಾಲೈ ಬ್ಯಾಂಕಿನ ಸಾಲಗಳ ದುಃಸ್ಥಿತಿ ರಿಸರ್ವ್ ಬ್ಯಾಂಕಿಗೆ ಹೊಸದಾಗಿ ತಿಳಿದದ್ದಲ್ಲ. 1950ರ ದಶಕದ ಆರಂಭದ ತಪಾಸಣೆಗಳಲ್ಲಿಯೇ ಅದು ಬೆಳಕಿಗೆ ಬಂದಿತ್ತು. ಮುಚ್ಚಿಸಿದರೆ ಇಡೀ ಪ್ರದೇಶದ ಬ್ಯಾಂಕಿಂಗ್ ವ್ಯವಸ್ಥೆ ಅಲುಗಾಡೀತೆಂಬ ಭಯದಿಂದ ಕಾಲಾವಕಾಶ ನೀಡಲಾಯಿತು. ಈ ಭಯ ನಿರಾಧಾರವಾಗಿರಲಿಲ್ಲ. ಆದರೆ ಆ ಅವಧಿಯುದ್ದಕ್ಕೂ ಏನೂ ಅರಿಯದ ಠೇವಣಿದಾರರು ತಮ್ಮ ಉಳಿತಾಯವನ್ನು ಅಲ್ಲಿಗೇ ಒಯ್ಯುತ್ತಿದ್ದರು. ಮೇಲ್ವಿಚಾರಕನ ಮೌನಕ್ಕೆ ಬೆಲೆ ತೆತ್ತವರು ಅವರೇ ಎಂಬುದು ಈ ಲೇಖಕನ ಅಭಿಪ್ರಾಯ.

1949ರ ಬ್ಯಾಂಕಿಂಗ್ ಕಂಪನಿಗಳ ಕಾಯಿದೆಯ 38ನೆಯ ಕಲಮಿನಂತೆ, ರಿಸರ್ವ್ ಬ್ಯಾಂಕು ಅರ್ಜಿ ಹಾಕಿದರೆ ನ್ಯಾಯಾಲಯ ಸಮಾಪನೆಯ ಆಜ್ಞೆ ಮಾಡಲೇಬೇಕಿತ್ತು. ಇದರ ಸಿಂಧುತ್ವ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1962ರಲ್ಲಿ ಬಹುಮತದ ತೀರ್ಪು ಆ ಅಧಿಕಾರವನ್ನು ಎತ್ತಿಹಿಡಿಯಿತು.

ಶಾಸನದ ಕ್ರಮಗಳು ಮಾತ್ರ ತ್ವರಿತವಾಗಿ ಬಂದವು. 1960ರ ತಿದ್ದುಪಡಿಯಿಂದಾಗಿ ದುರ್ಬಲ ಬ್ಯಾಂಕಿನ ಪಾವತಿಗಳನ್ನು ತಡೆಹಿಡಿದು, ಅದನ್ನು ಸದೃಢ ಬ್ಯಾಂಕಿನೊಡನೆ ಕಡ್ಡಾಯವಾಗಿ ವಿಲೀನಗೊಳಿಸಲು ಅವಕಾಶವಾಯಿತು. ಠೇವಣಿ ವಿಮೆಯ ವಿಚಾರ 1948ರ ಬಂಗಾಳದ ಬ್ಯಾಂಕ್ ಬಿಕ್ಕಟ್ಟಿನ ಕಾಲದಿಂದಲೇ ಚರ್ಚೆಯಲ್ಲಿತ್ತು; 1950ರಲ್ಲಿ ಗ್ರಾಮೀಣ ಬ್ಯಾಂಕಿಂಗ್ ವಿಚಾರಣಾ ಸಮಿತಿಯೂ ಅದನ್ನು ಬೆಂಬಲಿಸಿತ್ತು. ಹನ್ನೆರಡು ವರ್ಷ ಕಡತದಲ್ಲಿ ಮಲಗಿದ್ದುದು ಪಾಲೈಯ ಪತನದ ತರುವಾಯ ಎಚ್ಚೆತ್ತಿತು. ಮಸೂದೆ 1961ರ ಆಗಸ್ಟ್ 21ರಂದು ಸಂಸತ್ತಿನಲ್ಲಿ ಮಂಡನೆಯಾಗಿ, 1962ರ ಜನವರಿ 1ರಂದು ಠೇವಣಿ ವಿಮಾ ನಿಗಮ ಕಾರ್ಯಾರಂಭ ಮಾಡಿತು. ಪ್ರತಿ ಠೇವಣಿದಾರನಿಗೆ ದೊರೆತ ರಕ್ಷಣೆ 1,500 ರೂಪಾಯಿ. ಈ ಮಿತಿಯೊಳಗೆ ಖಾತೆಗಳಲ್ಲಿ ನೂರಕ್ಕೆ ಸುಮಾರು 78 ಪೂರ್ಣವಾಗಿ ಸುರಕ್ಷಿತವಾದವು. ಆದರೆ ಹಣದ ಲೆಕ್ಕದಲ್ಲಿ ಒಟ್ಟು ಠೇವಣಿಯ ಕಾಲುಭಾಗಕ್ಕೂ ವಿಮೆಯಿರಲಿಲ್ಲ. ದೊಡ್ಡ ಠೇವಣಿದಾರರು ಗಾಬರಿಗೊಂಡರೆ ಬ್ಯಾಂಕು ಉಳಿಯುವುದು ಆಗಲೂ ಕಷ್ಟವಾಗಿತ್ತು. ಕಂತು ನೂರು ರೂಪಾಯಿಗೆ ವರ್ಷಕ್ಕೆ ಐದು ಪೈಸೆ, ಸದೃಢ ಬ್ಯಾಂಕಿಗೂ ದುರ್ಬಲ ಬ್ಯಾಂಕಿಗೂ ಒಂದೇ ದರ. ಅಪಾಯದ ಭಾರವನ್ನು ಎಚ್ಚರಿಕೆಯಿಂದ ನಡೆಯುವವರ ಮೇಲೂ ಸಮನಾಗಿ ಹೇರುವ ಈ ಏರ್ಪಾಟು ದಶಕಗಳ ಕಾಲ ಉಳಿಯಿತು.

ವಿಮೆಗಿಂತಲೂ ವಿಲೀನವೇ ಬ್ಯಾಂಕಿಂಗ್ ನಕ್ಷೆಯನ್ನು ಹೆಚ್ಚು ಬದಲಿಸಿತು. ನಿಗಮ ಆರಂಭವಾದಾಗ ನೋಂದಾಯಿತವಾಗಿದ್ದ 287 ಬ್ಯಾಂಕುಗಳು 1967ರ ಕೊನೆಗೆ 100ಕ್ಕೆ ಇಳಿದವು. ಕರ್ನಾಟಕದ ಕರಾವಳಿಯ ಬ್ಯಾಂಕುಗಳು ಹೊರಗೆ ಹರಡಿದ ಕಥೆಯನ್ನು ಸಾಮಾನ್ಯವಾಗಿ ಸ್ಥಾಪಕರ ದೂರದೃಷ್ಟಿಯಿಂದಲೇ ವಿವರಿಸುತ್ತೇವೆ. ಈ ಕಾಲದ ಒತ್ತಡವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು. ಕೆನರಾ ಬ್ಯಾಂಕು 1961ರಲ್ಲಿ ಬ್ಯಾಂಕ್ ಆಫ್ ಕೇರಳವನ್ನೂ ಆಲಪ್ಪುಳದ ಸೀಸಿಯಾ ಮಿಡ್ಲೆಂಡ್ ಬ್ಯಾಂಕನ್ನೂ ತನ್ನೊಳಗೆ ಸೇರಿಸಿಕೊಂಡಿತು. ಎಂ. ಸುಂದರರಾಮ ಶೆಟ್ಟರ ನೇತೃತ್ವದಲ್ಲಿ ವಿಜಯಾ ಬ್ಯಾಂಕು ಆ ದಶಕದಲ್ಲಿ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಕೂಡಿಸಿಕೊಂಡಿತು; ಶೃಂಗೇರಿ ಶಾರದಾ ಬ್ಯಾಂಕು, ಚಿತ್ರದುರ್ಗದ ಬ್ಯಾಂಕು ಕರ್ಣಾಟಕ ಬ್ಯಾಂಕಿನಲ್ಲಿ ಲೀನವಾದವು. ಊರಿನ ಸಾಲಗಾರನ ಮುಖ ಬಲ್ಲ ಆಡಳಿತವೂ ಇವುಗಳೊಂದಿಗೆ ಮರೆಯಾಯಿತು. ಆ ಪರಿಚಯವೇ ಪಾಲೈಯಲ್ಲಿ ಮರುಪಾವತಿಯಾಗದ ಸಾಲಗಳಿಗೂ ದಾರಿ ಮಾಡಿರಬಹುದು. ಆದ್ದರಿಂದ ನಷ್ಟವೆಂದು ಮಾತ್ರ ಬಗೆಯಲಾಗದು.

ಹೀಗೆ ಬೆಳೆದ ಬ್ಯಾಂಕುಗಳಲ್ಲಿ ಕೆನರಾ 1969ರ ಜುಲೈ 19ರಂದು, ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡವು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. 1,500 ರೂಪಾಯಿಯಿಂದ ಹೊರಟ ವಿಮೆಯ ಮಿತಿ 1993ರಲ್ಲಿ ಒಂದು ಲಕ್ಷಕ್ಕೆ ಏರಿ, 2020ರ ಫೆಬ್ರವರಿಯವರೆಗೆ ಅಲ್ಲಿಯೇ ನಿಂತಿತ್ತು. ಅನಂತರ ಐದು ಲಕ್ಷವಾಯಿತು.